ಆಲೂಗಡ್ಡೆ ಬಿಟ್ಟು ಗೆಣಸು ಹಿಡಿದರೆ ಶುಗರ್ ಇಳಿಯುತ್ತಾ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಹಾಸನ ಕಡೆಯ ಹಳ್ಳಿ. ಹೊಲದಲ್ಲಿ ಆಲೂಗಡ್ಡೆ ಬೆಳೆಯುತ್ತೇವೆ. ಹಾಗಾಗಿ ಸಾರು, ಪಲ್ಯ, ಸಾಗು ಯಾವುದೇ ಮಾಡಿದರೂ ಅದು ಇದ್ದೇ ಇರುತ್ತದೆ. ನಮ್ಮ ಅತ್ತೆಗೆ 62 ವರ್ಷ. ಆರು ವರ್ಷದಿಂದ ಶುಗರ್ ಇದೆ, ಮಾತ್ರೆ ತಗೊಳ್ತಾರೆ. ಬೆಂಗಳೂರಲ್ಲಿರುವ ನಮ್ಮ ಮೈದುನ ಮೊಬೈಲಿನಲ್ಲಿ ಏನೋ ನೋಡಿ, "ಆಲೂಗಡ್ಡೆ ಅಂದ್ರೆ ವಿಷ. ಅಮ್ಮನಿಗೆ ಗೆಣಸು ಕೊಡಿ ಅತ್ತಿಗೆ, ಅದರಲ್ಲಿ ವಿಟಮಿನ್ ಎ ತುಂಬಾ ಇದೆ, ಶುಗರೂ ಏರಲ್ಲ" ಅಂದರು. ಮೂರು ತಿಂಗಳಿಂದ ಅತ್ತೆ ಆಲೂಗಡ್ಡೆ ಮುಟ್ಟಿಲ್ಲ. ದಿನಾ ಸಂಜೆ ಒಲೆಯ ಕೆಂಡದಲ್ಲಿ ಸುಟ್ಟ ಗೆಣಸು ಎರಡು ಮೂರು ತಿಂತಾರೆ. ಊಟ ಎಂದಿನಂತೆಯೇ ಇದೆ. ಮೊನ್ನೆ ಮೂರು ತಿಂಗಳ ಸರಾಸರಿ ತೋರಿಸುವ ಟೆಸ್ಟ್ ಮಾಡಿಸಿದರೆ 7.4 ಇದ್ದದ್ದು 7.7 ಆಗಿದೆ. ಬೇಯಿಸಿದ ಆಲೂಗಡ್ಡೆ, ಬೇಯಿಸಿದ ಗೆಣಸು, ಎರಡರಲ್ಲಿ ನಿಜವಾಗಿ ಯಾವುದು ಒಳ್ಳೆಯದು? ಮಕ್ಕಳಿಗೆ ಯಾವುದು ಕೊಡಲಿ?

ಉತ್ತರ: ನಿಮ್ಮ ಅತ್ತೆಯವರ ಶುಗರ್ ಯಾಕೆ ಏರಿತು ಅನ್ನುವುದಕ್ಕೆ ಸುಳಿವು ನಿಮ್ಮ ಪತ್ರದಲ್ಲೇ ಇದೆ. "ಸುಟ್ಟ", "ಎರಡು ಮೂರು", "ಊಟ ಎಂದಿನಂತೆಯೇ ಇದೆ". ಈ ಮೂರು ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ನೀವು ನೇರವಾಗಿ ಕೇಳಿದ್ದಕ್ಕೆ ನೇರವಾಗಿ ಹೇಳಿಬಿಡುತ್ತೇನೆ. ಎರಡನ್ನೂ ನೀರಲ್ಲಿ ಬೇಯಿಸಿ, ಒಂದೇ ತೂಕ ತಿಂದರೆ ಗೆಣಸು ಒಂದು ಹೆಜ್ಜೆ ಮುಂದೆ. ಒಂದೇ ಹೆಜ್ಜೆ. ಅದಕ್ಕಾಗಿ ಹೊಲದಲ್ಲಿ ಬೆಳೆದ ಆಲೂಗಡ್ಡೆಯನ್ನು ವಿಷ ಅಂತ ಹೊರಗಿಡುವ ಅಗತ್ಯ ಇಲ್ಲ. ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಇವೆರಡೂ ಪಲ್ಯದ ಲೆಕ್ಕಕ್ಕೆ ಬರುವುದಿಲ್ಲ, ಅನ್ನದ ಲೆಕ್ಕಕ್ಕೆ ಬರುತ್ತವೆ.

ನಿಮ್ಮ ಮೈದುನ ಓದಿದ್ದು ಸುಳ್ಳೇನಲ್ಲ. ಆದರೆ ಅವರು ಓದಿದ ಗೆಣಸೇ ಬೇರೆ, ನಿಮ್ಮ ಮನೆಯ ಗೆಣಸೇ ಬೇರೆ. ಇವತ್ತು ಒಂದು ಗೆಣಸನ್ನು ಅಡ್ಡಕ್ಕೆ ಕೊಯ್ದು ನೋಡಿ. ನಮ್ಮ ಸಂತೆಗಳಲ್ಲಿ ಬರುವುದರಲ್ಲಿ ಹೆಚ್ಚಿನವಕ್ಕೆ ಸಿಪ್ಪೆ ಕೆಂಪು ಅಥವಾ ಗುಲಾಬಿ, ಒಳಗೆ ಬಿಳಿ. ಕೆಲವು ಸ್ವಲ್ಪ ಕೆನೆಬಣ್ಣ ಇರುತ್ತವೆ. ಅಮೆರಿಕದ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಒಳಗೆಲ್ಲ ಕಿತ್ತಳೆ ಬಣ್ಣದ್ದು, ಕ್ಯಾರೆಟ್ ಥರ. ಗೆಣಸಿನ ಗುಣ ಹಾಡುವ ಬರಹಗಳ ಹೆಚ್ಚಿನ ಅಂಕಿಗಳು ಆ ಗೆಣಸಿನವು. ಆ ಕಿತ್ತಳೆ ಬಣ್ಣವೇ ಬೀಟಾ ಕ್ಯಾರೊಟಿನ್. ನಮ್ಮ ದೇಹ ಅದನ್ನೇ ವಿಟಮಿನ್ ಎ ಮಾಡಿಕೊಳ್ಳುವುದು. ಕಿತ್ತಳೆ ಗೆಣಸನ್ನು ಬೇಯಿಸಿ 100 ಗ್ರಾಂ ತಿಂದರೆ ಸುಮಾರು 790 ಮೈಕ್ರೊಗ್ರಾಂ ವಿಟಮಿನ್ ಎ ಸಿಕ್ಕಂತೆ. ನಮ್ಮ ದೇಶದ ಲೆಕ್ಕದಲ್ಲಿ ಒಬ್ಬ ಹೆಂಗಸಿಗೆ ದಿನಕ್ಕೆ ಬೇಕಾದದ್ದು 840. ಅಂದರೆ ಒಂದು ತುಂಡಿನಲ್ಲೇ ಹೆಚ್ಚೂಕಮ್ಮಿ ಇಡೀ ದಿನದ್ದು ಬಂತು. ಒಳಗೆ ಬೆಳ್ಳಗಿರುವ ಗೆಣಸಿನಲ್ಲಿ ಇದು ಲೆಕ್ಕಕ್ಕೆ ಹಿಡಿಯುವಷ್ಟು ಇರುವುದಿಲ್ಲ. ಆ ವಿಷಯದಲ್ಲಿ ಅದು ಆಲೂಗಡ್ಡೆಯ ಅಣ್ಣತಮ್ಮನೇ. ಸಿಪ್ಪೆಯ ಕೆಂಪು ನೋಡಿ ಮೋಸ ಹೋಗಬೇಡಿ, ಆ ಕೆಂಪು ಬೇರೆ ಬಣ್ಣದ್ರವ್ಯ.

ಉಳಿದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಎಲ್ಲವೂ 100 ಗ್ರಾಂ ಬೇಯಿಸಿದ್ದಕ್ಕೆ, ಉಪ್ಪು ಎಣ್ಣೆ ಯಾವುದೂ ಇಲ್ಲದೆ. ಗೆಣಸಿನ ಅಂಕಿಗಳು ಆ ಕಿತ್ತಳೆ ಗೆಣಸಿನವೇ. ತಳಿ, ಮಣ್ಣು, ಎಷ್ಟು ದಿನ ಇಟ್ಟದ್ದು ಎನ್ನುವುದರ ಮೇಲೆ ಸ್ವಲ್ಪ ಆಚೀಚೆ ಆಗುತ್ತದೆ. ಆಲೂಗಡ್ಡೆಯಲ್ಲಿ 87 ಕ್ಯಾಲೊರಿ, ಗೆಣಸಿನಲ್ಲಿ 76. ಪಿಷ್ಟ, ಸಕ್ಕರೆ, ನಾರು ಎಲ್ಲ ಸೇರಿಸಿ ಶರ್ಕರ ಪದಾರ್ಥ ಆಲೂಗಡ್ಡೆಯಲ್ಲಿ 20 ಗ್ರಾಂ, ಗೆಣಸಿನಲ್ಲಿ 18ಕ್ಕೆ ಹತ್ತಿರ. ನಾರು ಆಲೂಗಡ್ಡೆಯಲ್ಲಿ 1.8 ಗ್ರಾಂ, ಗೆಣಸಿನಲ್ಲಿ 2.5. ಪ್ರೋಟೀನ್ ಆಲೂಗಡ್ಡೆಯಲ್ಲಿ 1.9, ಗೆಣಸಿನಲ್ಲಿ 1.4. ವಿಟಮಿನ್ ಸಿ ಎರಡರಲ್ಲೂ 13 ಮಿಲಿಗ್ರಾಂ, ಒಂಚೂರೂ ವ್ಯತ್ಯಾಸ ಇಲ್ಲ. ಪೊಟ್ಯಾಶಿಯಂ ಆಲೂಗಡ್ಡೆಯಲ್ಲಿ 380 ಮಿಲಿಗ್ರಾಂ, ಗೆಣಸಿನಲ್ಲಿ 230. ಸುಣ್ಣದ ಅಂಶ, ಕಬ್ಬಿಣ ಎರಡೂ ಗೆಣಸಿನಲ್ಲಿ ಜಾಸ್ತಿ. ಆದರೆ ಎರಡರಲ್ಲೂ ಇರುವುದೇ ಅಷ್ಟಕ್ಕಷ್ಟೆ, ಅದಕ್ಕಾಗಿ ಯಾರೂ ಗೆಡ್ಡೆ ತಿನ್ನಬೇಕಿಲ್ಲ.

ನೋಡಿದಿರಲ್ಲ, ಅಜಗಜಾಂತರ ಏನೂ ಇಲ್ಲ. ಎದ್ದು ಕಾಣುವ ವ್ಯತ್ಯಾಸ ಒಂದೇ. ಗೆಣಸಿನಲ್ಲಿ ಸಿಹಿ, ಅಂದರೆ ನೇರ ಸಕ್ಕರೆ, 5.7 ಗ್ರಾಂ ಇದೆ. ಆಲೂಗಡ್ಡೆಯಲ್ಲಿ ಒಂದು ಗ್ರಾಂ ಕೂಡ ಇಲ್ಲ. ಹಾಗಾದರೆ ಸಿಹಿ ಇರುವ ಗೆಣಸು ಶುಗರನ್ನು ಜಾಸ್ತಿ ಏರಿಸಬೇಕಿತ್ತು ಅಲ್ವಾ? ಇಲ್ಲೇ ನಾಲಿಗೆ ನಮಗೆ ತಪ್ಪು ಹೇಳುವುದು. ಆಲೂಗಡ್ಡೆಯ ಪಿಷ್ಟ ಬೆಂದ ಮೇಲೆ ಹೊಟ್ಟೆಯಲ್ಲಿ ಬೇಗ ಒಡೆದು ಗ್ಲೂಕೋಸ್ ಆಗುತ್ತದೆ. ಬಾಯಿಗೆ ಸಪ್ಪೆ, ರಕ್ತಕ್ಕೆ ಸಿಹಿ.

ಇದನ್ನು ಅಳೆಯಲು ಗ್ಲೈಸೆಮಿಕ್ ಇಂಡೆಕ್ಸ್ ಅಂತ ಒಂದು ಅಳತೆ ಇದೆ, ಜಿಐ ಅನ್ನುತ್ತಾರೆ. ಬರೀ ಗ್ಲೂಕೋಸ್ ಕುಡಿದಾಗ ಶುಗರ್ ಏರುವುದನ್ನು 100 ಅಂತ ಇಟ್ಟುಕೊಂಡು, ಅಷ್ಟೇ ಶರ್ಕರ ಪದಾರ್ಥ ಸಿಗುವಷ್ಟು ಅಳತೆಯಲ್ಲಿ ಉಳಿದ ಆಹಾರ ಎಷ್ಟು ಏರಿಸುತ್ತದೆ ಅಂತ ನೋಡುವುದು. 2008ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಬೇಯಿಸಿದ ಆಲೂಗಡ್ಡೆಗೆ ಸರಾಸರಿ 78, ಬಿಳಿ ಅನ್ನಕ್ಕೆ 73, ಬೇಯಿಸಿದ ಗೆಣಸಿಗೆ 63. ಅದೇ ಪಟ್ಟಿಯಲ್ಲಿ ಎಣ್ಣೆಯಲ್ಲಿ ಕರಿದ ಫ್ರೆಂಚ್ ಫ್ರೈಸ್‌ಗೂ 63 ಇದೆ! ಜಿಡ್ಡು ಜಾಸ್ತಿ ಇರುವುದರಿಂದ ಹೊಟ್ಟೆಯಿಂದ ನಿಧಾನವಾಗಿ ಮುಂದೆ ಹೋಗುತ್ತದೆ, ಅಷ್ಟೇ ಕಾರಣ. ಹಾಗಂತ ಫ್ರೆಂಚ್ ಫ್ರೈಸ್ ಗೆಣಸಿಗೆ ಸಮ ಅಂತ ಯಾರಾದರೂ ಹೇಳಿದರೆ ನಗಬೇಕಾಗುತ್ತದೆ. ಜಿಐ ಒಂದು ಅಂಕಿ ಹಿಡಿದು ಆಹಾರ ಆರಿಸುವವರಿಗೆ ನಾನು ಯಾವಾಗಲೂ ಈ ಉದಾಹರಣೆ ಕೊಡುತ್ತೇನೆ.

ಈಗ "ಸುಟ್ಟ" ಅನ್ನುವ ಮಾತಿಗೆ ಬರೋಣ. ಜಮೈಕಾ ದೇಶದಲ್ಲಿ ಹತ್ತು ತಳಿಯ ಗೆಣಸು ತಗೊಂಡು, ಒಂದೊಂದನ್ನೂ ಬೇಯಿಸಿ, ಕರಿದು, ಸುಟ್ಟು, ಓವನ್‌ನಲ್ಲಿ ಇಟ್ಟು, ಜನರಿಗೆ ತಿನ್ನಿಸಿ ಶುಗರ್ ಅಳೆದರು. ನೀರಲ್ಲಿ ಬೇಯಿಸಿದಾಗ ಜಿಐ 41ರಿಂದ 50ರೊಳಗೆ ಬಂತು (ಮೇಲಿನ 63 ಬೇರೆ ಬೇರೆ ಅಧ್ಯಯನಗಳ ಸರಾಸರಿ). ಅದೇ ಗೆಣಸನ್ನು ಸುಟ್ಟಾಗ 79ರಿಂದ 93. ಓವನ್‌ನಲ್ಲಿ ಇಟ್ಟಾಗಲೂ ಹೆಚ್ಚೂಕಮ್ಮಿ ಅಷ್ಟೇ. ಗೆಡ್ಡೆ ಅದೇ, ತಿಂದ ಪಿಷ್ಟದ ಅಳತೆಯೂ ಅದೇ, ಬೇಯಿಸಿದ ಬಗೆ ಮಾತ್ರ ಬೇರೆ. ಸುಟ್ಟ ಗೆಣಸು ಬೇಯಿಸಿದ ಆಲೂಗಡ್ಡೆಯನ್ನೇ ಮೀರಿಸಿಬಿಟ್ಟಿತು.

ಯಾಕೆ ಹೀಗೆ? ಕೆಂಡದಲ್ಲಿ ಸುಟ್ಟ ಗೆಣಸು ಜೇನಿನ ಥರ ಸಿಹಿ ಇರುತ್ತದೆ, ಒಮ್ಮೊಮ್ಮೆ ಸಿಪ್ಪೆ ಒಡೆದು ಪಾಕದ ಹಾಗೆ ಒಸರುತ್ತದೆ. ಅದು ಹಸಿ ಗೆಣಸಿನಲ್ಲಿ ಇರಲಿಲ್ಲ, ಒಲೆಯಲ್ಲಿ ಹುಟ್ಟಿದ್ದು. ಗೆಣಸಿನೊಳಗೆ ಪಿಷ್ಟ ಒಡೆಯುವ ಒಂದು ಕಿಣ್ವ ಇದೆ. ಬಿಸಿ ಏರುತ್ತಾ ಹೋದಾಗ, ಪಿಷ್ಟ ಉಬ್ಬಿ ಮೆತ್ತಗಾಗುವ ಹದಕ್ಕೆ ಬಂದರೂ ಕಿಣ್ವ ಇನ್ನೂ ಸಾಯದೆ ಇರುವ ಸ್ವಲ್ಪ ಹೊತ್ತು ಇರುತ್ತದೆ. ಆಗ ಅದು ಪಿಷ್ಟವನ್ನು ಒಡೆದು ಮಾಲ್ಟೋಸ್ ಅನ್ನುವ ಸಕ್ಕರೆ ಮಾಡುತ್ತದೆ. ಕುಕ್ಕರ್‌ನಲ್ಲಿ ಬಿಸಿ ಬೇಗ ಏರಿ ಕಿಣ್ವ ಬೇಗ ಸತ್ತುಹೋಗುತ್ತದೆ. ಬೂದಿ ಮುಚ್ಚಿದ ಕೆಂಡದಲ್ಲಿ ನಿಧಾನವಾಗಿ ಕಾಯುವಾಗ ಅದಕ್ಕೆ ಕೆಲಸ ಮಾಡಲು ಬೇಕಾದಷ್ಟು ಪುರುಸೊತ್ತು. ಜೊತೆಗೆ ನೀರೂ ಆರಿಹೋಗುತ್ತದೆ, ಇದ್ದದ್ದೆಲ್ಲ ಮಂದವಾಗುತ್ತದೆ. ರುಚಿಗೆ ನಾನೂ ಸುಟ್ಟ ಗೆಣಸಿನ ಪಕ್ಷವೇ. ಆದರೆ ಶುಗರ್ ಇರುವವರಿಗೆ ದಿನಾ ಅದನ್ನು ಕೊಡಲು ಹೇಳುವುದಿಲ್ಲ.

ಎರಡನೆಯದು ಅಳತೆ. ಮಧ್ಯಮ ಗಾತ್ರದ ಒಂದು ಗೆಣಸು 150 ಗ್ರಾಂ ಅಂತ ಹಿಡಿಯಿರಿ. ಸುಟ್ಟ ಗೆಣಸಿನ 100 ಗ್ರಾಂನಲ್ಲಿ ಶರ್ಕರ ಪದಾರ್ಥ 21 ಗ್ರಾಂ ಸುತ್ತಮುತ್ತ. ಎರಡು ಗೆಣಸು ತಿಂದರೆ 60 ಗ್ರಾಂ ದಾಟಿತು, ಮೂರು ತಿಂದರೆ 90ಕ್ಕೆ ಬಂತು. ಅನ್ನದಲ್ಲಿ 100 ಗ್ರಾಂಗೆ 28 ಗ್ರಾಂ ಇರುತ್ತದೆ. ಅಂದರೆ ನಿಮ್ಮ ಅತ್ತೆಯವರು ದಿನಾ ಸಂಜೆ ತಟ್ಟೆ ತುಂಬ ಅನ್ನ ಉಂಡ ಹಾಗೆ ಆಯಿತು, ಅದೂ ರಾತ್ರಿ ಊಟಕ್ಕೆ ಎರಡು ಗಂಟೆ ಮುಂಚೆ. ಮಧ್ಯಾಹ್ನದ ಮುದ್ದೆ, ಅನ್ನ, ರಾತ್ರಿಯ ಅನ್ನ ಯಾವುದೂ ಕಡಿಮೆ ಆಗಿಲ್ಲ. ಆಲೂಗಡ್ಡೆ ಇದ್ದಾಗ ಸಾರಿನಲ್ಲಿ ನಾಲ್ಕು ಹೋಳು ಹೋಗುತ್ತಿತ್ತು. ಅದರ ಜಾಗಕ್ಕೆ ಒಂದು ಊಟದಷ್ಟು ಗೆಣಸು ಬಂದು ಕೂತಿದೆ. 7.4 ಇದ್ದದ್ದು 7.7 ಆಗಿದ್ದಕ್ಕೆ ಮಾತ್ರೆ ತಪ್ಪಿಸಿದ್ದು, ಓಡಾಟ ಕಡಿಮೆ ಆಗಿದ್ದು ಹೀಗೆ ಬೇರೆ ಕಾರಣವೂ ಇರಬಹುದು, ಅದನ್ನು ನಿಮ್ಮ ಡಾಕ್ಟರು ನೋಡಬೇಕು. ಆದರೆ ನಾನು ಮೊದಲು ಕೈ ಹಾಕುವುದು ಈ ಸಂಜೆಯ ತಿಂಡಿಗೆ.

"ಅದು ತರಕಾರಿ ತಾನೇ, ಎಷ್ಟು ತಿಂದರೇನು" ಅನ್ನುವ ಮಾತು ನನ್ನ ಹತ್ತಿರ ಬರುವವರಿಂದ ವಾರಕ್ಕೆ ಎರಡು ಸಲ ಕೇಳುತ್ತೇನೆ. ಸಂತೆಯಲ್ಲಿ ತರಕಾರಿ ಸಾಲಲ್ಲಿ ಮಾರುತ್ತಾರೆ ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಕಡೇಪಕ್ಷ 400 ಗ್ರಾಂ ಹಣ್ಣು ತರಕಾರಿ ತಿನ್ನಿ ಅಂತ ಹೇಳುವಾಗ, ಆ ಲೆಕ್ಕದಿಂದ ಆಲೂಗಡ್ಡೆ, ಗೆಣಸು, ಮರಗೆಣಸಿನಂಥ ಪಿಷ್ಟದ ಗೆಡ್ಡೆಗಳನ್ನು ಹೊರಗಿಟ್ಟಿದೆ. ಹಾಗಾಗಿ ಆಲೂಗಡ್ಡೆ ಪಲ್ಯ ಮಾಡಿ ಚಪಾತಿ ಜೊತೆ ತಿಂದರೆ ತರಕಾರಿ ತಿಂದಂತಾಗಲಿಲ್ಲ. ಚಪಾತಿಗೆ ಚಪಾತಿಯನ್ನೇ ನೆಂಚಿಕೊಂಡ ಹಾಗೆ. ಅನ್ನದ ಜೊತೆ ಆಲೂಗಡ್ಡೆ ಸಾರು ಉಂಡರೂ ಅಷ್ಟೇ.

ಈ ಲೆಕ್ಕವನ್ನೇ ತಿರುಗಿಸಿ ನೋಡಿದರೆ ಆಲೂಗಡ್ಡೆಯ ಮರ್ಯಾದೆ ಉಳಿಯುತ್ತದೆ. 100 ಗ್ರಾಂ ಅನ್ನದಲ್ಲಿ 130 ಕ್ಯಾಲೊರಿ, ನಾರು ಅರ್ಧ ಗ್ರಾಂ ಕೂಡ ಇಲ್ಲ, ವಿಟಮಿನ್ ಸಿ ಸೊನ್ನೆ. ಅದರ ಜಾಗಕ್ಕೆ ಅಷ್ಟೇ ತೂಕದ ಬೇಯಿಸಿದ ಆಲೂಗಡ್ಡೆ ಇಟ್ಟರೆ ಕ್ಯಾಲೊರಿ ಮೂರನೇ ಒಂದು ಪಾಲು ಕಡಿಮೆ, ನಾರು ಜಾಸ್ತಿ, ಪೊಟ್ಯಾಶಿಯಂ ಹತ್ತು ಪಟ್ಟು. ಅನ್ನದ ಜೊತೆಗೆ ತಿಂದರೆ ತೊಂದರೆ ಕೊಡುವ ಆಲೂಗಡ್ಡೆ, ಅನ್ನದ ಬದಲಿಗೆ ತಿಂದರೆ ಉಪಕಾರ ಮಾಡುತ್ತದೆ.

ಇದಕ್ಕೆ ಈಚಿನ ಒಂದು ದೊಡ್ಡ ಅಧ್ಯಯನವೂ ಸಾಕ್ಷಿ ಹೇಳುತ್ತದೆ. ಅಮೆರಿಕದಲ್ಲಿ ನರ್ಸ್, ಡಾಕ್ಟರ್ ಮುಂತಾದ ಎರಡು ಲಕ್ಷಕ್ಕೂ ಹೆಚ್ಚು ಜನರ ಊಟ, ಆರೋಗ್ಯವನ್ನು ದಶಕಗಳ ಕಾಲ ಬರೆದಿಟ್ಟು, 2025ರಲ್ಲಿ ಅದರ ಫಲ ಪ್ರಕಟಿಸಿದರು. ವಾರಕ್ಕೆ ಮೂರು ಸಲ ಫ್ರೆಂಚ್ ಫ್ರೈಸ್ ತಿನ್ನುವುದಕ್ಕೂ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಶೇ 20ರಷ್ಟು ಹೆಚ್ಚುವುದಕ್ಕೂ ನಂಟು ಕಂಡಿತು. ಬೇಯಿಸಿದ, ಸುಟ್ಟ, ಹಿಸುಕಿದ ಆಲೂಗಡ್ಡೆಗೆ ಅಂಥ ಗಟ್ಟಿ ನಂಟು ಕಾಣಲಿಲ್ಲ. ಆಲೂಗಡ್ಡೆ ಬಿಟ್ಟು ಪೂರ್ತಿ ಧಾನ್ಯ ತಿಂದರೆ ಅಪಾಯ ಇಳಿಯುತ್ತದೆ, ಬಿಳಿ ಅನ್ನ ತಿಂದರೆ ಏರುತ್ತದೆ ಅನ್ನುವುದೂ ಅದೇ ಲೆಕ್ಕದಲ್ಲಿ ಬಂತು. ಇಂಥ ಅಧ್ಯಯನಗಳು ನಂಟು ತೋರಿಸುತ್ತವೆ, ಇದರಿಂದಲೇ ಅದು ಆಯಿತು ಅಂತ ಸಾಧಿಸುವುದಿಲ್ಲ. ಆದರೂ "ಆಲೂಗಡ್ಡೆ ವಿಷ" ಅನ್ನುವವರಿಗೆ ತೋರಿಸಲು ಇಷ್ಟು ಸಾಕು. ನಮ್ಮಲ್ಲಿ ಫ್ರೆಂಚ್ ಫ್ರೈಸ್ ಜಾಗದಲ್ಲಿ ಬೋಂಡ, ಬಜ್ಜಿ, ಚಿಪ್ಸ್ ಇವೆ. 100 ಗ್ರಾಂ ಬೇಯಿಸಿದ ಆಲೂಗಡ್ಡೆಯಲ್ಲಿ 87 ಕ್ಯಾಲೊರಿ ಇದ್ದರೆ, 100 ಗ್ರಾಂ ಚಿಪ್ಸ್‌ನಲ್ಲಿ 530 ದಾಟುತ್ತದೆ. ನೀರು ಹೋಗಿ ಎಣ್ಣೆ ಬಂದು ಕೂರುತ್ತದೆ. ಗೆಣಸಿನ ಚಿಪ್ಸ್ ಅಂತ ಆರೋಗ್ಯದ ಹೆಸರಲ್ಲಿ ಮಾರುವುದೂ ಅದೇ ಜಾತಿ.

ಆಲೂಗಡ್ಡೆ ಪರವಾಗಿ ಇನ್ನೊಂದು. 1995ರಲ್ಲಿ ಸಿಡ್ನಿಯಲ್ಲಿ 38 ಬಗೆಯ ಆಹಾರವನ್ನು ಒಂದೇ ಕ್ಯಾಲೊರಿ ಅಳತೆಯಲ್ಲಿ ಕೊಟ್ಟು, ಯಾವುದು ಎಷ್ಟು ಹೊಟ್ಟೆ ತುಂಬಿಸುತ್ತದೆ ಅಂತ ನೋಡಿದರು. ಬಿಳಿ ಬ್ರೆಡ್‌ಗೆ 100 ಅಂತ ಇಟ್ಟರೆ ಬೇಯಿಸಿದ ಆಲೂಗಡ್ಡೆಗೆ 323 ಬಂತು. ಎಲ್ಲದರಲ್ಲೂ ಅದೇ ಮೊದಲು. ಬರೀ ಬೇಯಿಸಿದ ಆಲೂಗಡ್ಡೆ ಎರಡರ ಮೇಲೆ ತಿನ್ನಲು ಕಷ್ಟ. ಬೆಣ್ಣೆ, ಎಣ್ಣೆ, ಮಸಾಲೆ ಸೇರಿದ ಮೇಲೆಯೇ ಅದು ಲೆಕ್ಕ ತಪ್ಪಿಸುವುದು.

ಮಕ್ಕಳ ವಿಷಯ ಕೇಳಿದ್ದೀರಿ. ಶುಗರ್ ಚಿಂತೆ ಇಲ್ಲದ, ಓಡಾಡುವ ಮಕ್ಕಳಿಗೆ ಎರಡೂ ಒಳ್ಳೆಯದೇ. ಬಿಸ್ಕತ್ತು, ಕುರುಕಲು ಬದಲು ಸಂಜೆ ಬೇಯಿಸಿದ ಗೆಣಸು ಕೊಟ್ಟರೆ ಅದಕ್ಕಿಂತ ಬೇಕಾ? ಮಕ್ಕಳಿಗೆ ಕಿತ್ತಳೆ ಗೆಣಸು ಸಿಕ್ಕರೆ ಖಂಡಿತ ಅದನ್ನೇ ಆರಿಸಿ. ಆಫ್ರಿಕಾದ ಹಲವು ದೇಶಗಳಲ್ಲಿ ಮಕ್ಕಳಿಗೆ ವಿಟಮಿನ್ ಎ ಕೊರತೆ ನೀಗಿಸಲು ಬಿಳಿ ಗೆಣಸಿನ ಬದಲು ಕಿತ್ತಳೆ ಗೆಣಸನ್ನೇ ಬೆಳೆಸಿದರು. ಆ ಕೆಲಸಕ್ಕೆ 2016ರಲ್ಲಿ ವಿಶ್ವ ಆಹಾರ ಪ್ರಶಸ್ತಿಯೂ ಬಂತು. ನಮ್ಮ ಹತ್ತಿರವೇ, ತಿರುವನಂತಪುರದಲ್ಲಿರುವ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಭೂ ಸೋನಾ ಅನ್ನುವ ಕಿತ್ತಳೆ ತಳಿ ಕೊಟ್ಟಿದೆ. ಅದರಲ್ಲಿ 100 ಗ್ರಾಂಗೆ 14 ಮಿಲಿಗ್ರಾಂನಷ್ಟು ಬೀಟಾ ಕ್ಯಾರೊಟಿನ್ ಇದೆ. ಭೂ ಕೃಷ್ಣ ಅನ್ನುವ ನೇರಳೆ ತಳಿಯೂ ಅಲ್ಲಿನದೇ. ನಿಮ್ಮದು ಬೇಸಾಯದ ಮನೆ, ಬಳ್ಳಿ ಸಿಕ್ಕರೆ ಹಿತ್ತಲಲ್ಲಿ ಎರಡು ಸಾಲು ಹಾಕಿ ನೋಡಿ. ಒಂದು ಮಾತು, ಬೀಟಾ ಕ್ಯಾರೊಟಿನ್ ಜಿಡ್ಡಿನ ಜೊತೆ ಹೋದರೇ ಮೈಗೆ ಹತ್ತುವುದು. ಬೇಯಿಸಿದ ಗೆಣಸಿಗೆ ಅರ್ಧ ಚಮಚ ತುಪ್ಪ ಹಾಕಿ ಕೊಡುವ ನಮ್ಮ ರೂಢಿ ಸುಮ್ನೆ ಬಂದದ್ದಲ್ಲ. ಕಿತ್ತಳೆ ಗೆಣಸು ಸಿಗದಿದ್ದರೆ ಬೇಜಾರು ಬೇಡ. ನುಗ್ಗೆಸೊಪ್ಪು, ಪರಂಗಿಹಣ್ಣು, ಕ್ಯಾರೆಟ್ ಇವೆ. ಹಿತ್ತಲ ನುಗ್ಗೆಸೊಪ್ಪಿನ ಮುಂದೆ ಯಾವ ಬಿಳಿ ಗೆಣಸೂ ನಿಲ್ಲುವುದಿಲ್ಲ. ವಿಟಮಿನ್ ಸಿ ಬೇಕು ಅಂದರೆ ಒಂದು ಸೀಬೆಹಣ್ಣು ಕೊಡಿ, ಇವೆರಡನ್ನೂ ಹತ್ತು ಪಟ್ಟು ಮೀರಿಸುತ್ತದೆ.

ಬೇಯಿಸುವ ಬಗೆ ಬಗ್ಗೆ ಸ್ವಲ್ಪ. ಎರಡನ್ನೂ ಚೆನ್ನಾಗಿ ತೊಳೆದು, ಇಡಿಯಾಗಿ, ಸಿಪ್ಪೆ ಸಮೇತ ಬೇಯಿಸಿ. ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ನೀರಲ್ಲಿ ನೆನೆಹಾಕಿ, ಬೇಯಿಸಿದ ನೀರನ್ನೂ ಚೆಲ್ಲಿದರೆ ವಿಟಮಿನ್ ಸಿ, ಪೊಟ್ಯಾಶಿಯಂ ಎಲ್ಲ ಆ ನೀರಿನ ಜೊತೆ ಮೋರಿಗೆ ಹೋಗುತ್ತದೆ. ಸಾರಿಗೆ ಹಾಕಿದರೆ ಚಿಂತೆ ಇಲ್ಲ, ನೀರು ಅಲ್ಲೇ ಇರುತ್ತದೆ. ಆಲೂಗಡ್ಡೆಯನ್ನು ಬೇಯಿಸಿ ಫ್ರಿಜ್‌ನಲ್ಲಿ ಒಂದು ರಾತ್ರಿ ಇಟ್ಟರೆ ಪಿಷ್ಟದ ಒಂದು ಪಾಲು ಮತ್ತೆ ಬಿಗಿದುಕೊಳ್ಳುತ್ತದೆ. ಅದು ಸಣ್ಣ ಕರುಳಲ್ಲಿ ಅರಗದೆ ದೊಡ್ಡ ಕರುಳಿಗೆ ಹೋಗಿ ನಾರಿನ ಥರ ಕೆಲಸ ಮಾಡುತ್ತದೆ. ಮರುದಿನ ಬಿಸಿ ಮಾಡಿದರೂ ಪೂರ್ತಿ ಕಳೆದುಹೋಗುವುದಿಲ್ಲ. ಇದರಿಂದ ಸಿಗುವ ಲಾಭ ಚಿಕ್ಕದು, ಇದನ್ನೇ ದೊಡ್ಡ ಉಪಾಯ ಅಂತ ಹೇಳುವ ವಿಡಿಯೊಗಳನ್ನು ನಂಬಿ ಒಂದು ಪಾತ್ರೆ ಆಲೂಗಡ್ಡೆ ತಿನ್ನಬೇಡಿ. ಹಸಿ ಆಲೂಗಡ್ಡೆ, ಹಸಿ ಗೆಣಸನ್ನು ಮಾತ್ರ ಫ್ರಿಜ್‌ಗೆ ಹಾಕಬೇಡಿ. ತಣ್ಣಗೆ ಆಲೂಗಡ್ಡೆಯ ಪಿಷ್ಟ ಸಕ್ಕರೆ ಆಗುತ್ತದೆ, ಕರಿದಾಗ ಕಪ್ಪಾಗುತ್ತದೆ. ಗೆಣಸು ಬೆಂದ ಮೇಲೂ ನಡುವೆ ಗಟ್ಟಿ ಉಳಿಯುತ್ತದೆ.

ಇವುಗಳ ಜೊತೆ ಏನು ತಿನ್ನುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಬೇಳೆ, ಕಾಳು, ಮೊಸರು, ಸೊಪ್ಪು ಜೊತೆಗಿದ್ದರೆ ಶುಗರ್ ನಿಧಾನವಾಗಿ ಏರುತ್ತದೆ. ಹಳೇ ಮೈಸೂರು ಕಡೆ ಸಂಕ್ರಾಂತಿಗೆ ಗೆಣಸಿನ ಜೊತೆ ಅವರೆಕಾಯಿ, ಕಡಲೆಕಾಯಿ ಬೇಯಿಸಿ ಇಡುತ್ತೇವಲ್ಲ, ಶುಗರ್ ಇರುವವರಿಗೆ ಅದಕ್ಕಿಂತ ಒಳ್ಳೆಯ ಜೊತೆ ನಾನು ಹೇಳಿಕೊಡಲಾರೆ. ಕಬ್ಬು ಮಾತ್ರ ಮಕ್ಕಳಿಗೆ ಬಿಡಲಿ.

ಎಚ್ಚರಿಕೆಯ ಮಾತು ಕೆಲವು ಇವೆ. ಶುಗರ್ ಜೊತೆ ಕಿಡ್ನಿ ತೊಂದರೆಯೂ ಇದ್ದು ಡಾಕ್ಟರು ಪೊಟ್ಯಾಶಿಯಂ ಕಡಿಮೆ ಮಾಡಿ ಅಂದಿದ್ದರೆ, ಮೇಲೆ ಹೇಳಿದ ಸಿಪ್ಪೆಯ ಪಾಠ ಉಲ್ಟಾ ಆಗುತ್ತದೆ. ಆಗ ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ನೀರು ಬಸಿದು ಚೆಲ್ಲಬೇಕು. ಅರ್ಧದಷ್ಟು ಪೊಟ್ಯಾಶಿಯಂ ಹೋಗುತ್ತದೆ. ಕಿಡ್ನಿಯಲ್ಲಿ ಕಲ್ಲು ಆಗುವವರು ಗೆಣಸನ್ನು ಮಿತವಾಗಿ ತಿನ್ನಲಿ, ಅದರಲ್ಲಿ ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಅನ್ನುವ ಅಂಶ ಜಾಸ್ತಿ. ತಿನ್ನುವುದಾದರೆ ಮೊಸರಿನ ಜೊತೆ ತಿನ್ನಲಿ. ಮೊಸರಿನ ಸುಣ್ಣದ ಅಂಶ ಹೊಟ್ಟೆಯಲ್ಲೇ ಆಕ್ಸಲೇಟನ್ನು ಹಿಡಿದುಕೊಳ್ಳುತ್ತದೆ.

ಹಸಿರಾದ ಆಲೂಗಡ್ಡೆ ಬೇಡ. ನೀವು ಬೆಳೆಗಾರರು, ನಿಮಗೆ ಇದು ಗೊತ್ತೇ ಇದೆ. ಬಿಸಿಲು ತಾಗಿದಾಗ ಹಸಿರಿನ ಜೊತೆ ಸೋಲನಿನ್ ಅನ್ನುವ ವಿಷವೂ ಕೂಡುತ್ತದೆ, ಬೇಯಿಸಿದರೆ ಹೋಗುವುದಿಲ್ಲ. ಆಲೂಗಡ್ಡೆಯನ್ನು ವಿಷ ಅನ್ನಲು ನಿಜವಾದ ಕಾರಣ ಇದೊಂದೇ. ಸ್ವಲ್ಪ ಹಸಿರಿದ್ದರೆ ದಪ್ಪಗೆ ಹೆರೆದು, ಮೊಳಕೆಯ ಕಣ್ಣು ಕಿತ್ತು ಬಳಸಿ. ಪೂರ್ತಿ ಹಸಿರಾಗಿದ್ದರೆ ಎಸೆಯಿರಿ. ಗೆಣಸಿಗೂ ಇಂಥದ್ದು ಒಂದಿದೆ, ಅದು ಅಷ್ಟು ಜನರಿಗೆ ಗೊತ್ತಿಲ್ಲ. ಹುಳು ಕೊರೆದ ಗೆಣಸು ತನ್ನನ್ನು ಕಾಪಾಡಿಕೊಳ್ಳಲು ಒಂದು ಕಹಿ ವಿಷ ಮಾಡಿಕೊಳ್ಳುತ್ತದೆ. ಅದೂ ಬೇಯಿಸಿದರೆ ಸುಲಭವಾಗಿ ಹೋಗುವಂಥದ್ದಲ್ಲ. ಬಾಯಿಗೆ ಕಹಿ ಅನ್ನಿಸಿದ ಗೆಣಸನ್ನು ಉಗಿದುಬಿಡಿ, ದನಕ್ಕೂ ಹಾಕಬೇಡಿ.

ಹೆಸರಿನ ಗೊಂದಲವನ್ನೂ ಇಲ್ಲೇ ಬಿಡಿಸುತ್ತೇನೆ, ಯಾಕೆಂದರೆ ಇಷ್ಟೂ ಹೊತ್ತು ನಾನು ಗೆಣಸು ಅಂದದ್ದು ಸಿಹಿಗೆಣಸಿಗೆ. ಮರಗೆಣಸು ಬೇರೆ ಗಿಡ. ಅದರಲ್ಲಿ ಪಿಷ್ಟ ಹೆಚ್ಚೂಕಮ್ಮಿ ಎರಡು ಪಟ್ಟು, ಶುಗರ್ ಇರುವವರು ಅದನ್ನು ಗೆಣಸು ಅಂದುಕೊಂಡು ತಿನ್ನಬಾರದು. ಜೋಯಿಡಾದ ಗೆಡ್ಡೆಗೆಣಸು ಮೇಳದಲ್ಲಿ ರಾಶಿ ಹಾಕಿರುತ್ತಾರಲ್ಲ, ಆ ಕಾಡು ಗೆಣಸುಗಳೂ ಬೇರೆ ಜಾತಿ. ಋಷಿಗಳು ಕಾಡಿನಲ್ಲಿ ತಿಂದ ಗೆಡ್ಡೆಗೆಣಸಲ್ಲಿ ನಮ್ಮ ಸಿಹಿಗೆಣಸು ಇರಲಿಲ್ಲ. ಅದೂ ಆಲೂಗಡ್ಡೆಯೂ ಅಮೆರಿಕ ಖಂಡದಿಂದ ಹಡಗಿನಲ್ಲಿ ಬಂದವು. ತಮಾಷೆ ಅಂದರೆ, ಕರಾವಳಿಯವರು ಆಲೂಗಡ್ಡೆಗೆ ಹೇಳುವ ಬಟಾಟೆ ಅನ್ನುವ ಹೆಸರು ಪೋರ್ಚುಗೀಸರಿಂದ ಬಂದದ್ದು, ಮೂಲದಲ್ಲಿ ಅದು ಸಿಹಿಗೆಣಸಿನ ಹೆಸರು! ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇವೆರಡಕ್ಕೂ ಹತ್ತಿರದ ನಂಟಿಲ್ಲ. ಆಲೂಗಡ್ಡೆ ಬದನೆ, ಟೊಮೆಟೊ ಮನೆಯದು. ಗೆಣಸು ಬೇಲಿಯಲ್ಲಿ ನೀಲಿ ಹೂ ಬಿಡುವ ಮಾರ್ನಿಂಗ್ ಗ್ಲೋರಿ ಬಳ್ಳಿಗಳ ಮನೆಯದು.

ಈಗ ನಿಮ್ಮ ಅತ್ತೆಯವರಿಗೆ ಏನು ಮಾಡಬೇಕು ಅಂತ ಹೇಳುತ್ತೇನೆ. ಸಂಜೆಯ ಸುಟ್ಟ ಗೆಣಸು ನಿಲ್ಲಿಸಿ. ಆಸೆ ಆದರೆ ತಿಂಗಳಲ್ಲಿ ಒಂದೆರಡು ದಿನ, ಒಂದು ಸಣ್ಣದು. ಸಂಜೆಗೆ ಬೇಯಿಸಿದ ಕಡಲೆಕಾಯಿ, ಕಾಳಿನ ಉಸಲಿ, ಮಜ್ಜಿಗೆ ಇರಲಿ. ಗೆಣಸು ಬೇಕಾದರೆ ನೀರಲ್ಲಿ ಬೇಯಿಸಿ, ಅವರ ಮುಷ್ಟಿಯಷ್ಟು, ಊಟದ ತಟ್ಟೆಗೇ ಹಾಕಿ, ಅನ್ನದಲ್ಲಿ ಒಂದು ಸೌಟು ತೆಗೆಯಿರಿ. ಆಲೂಗಡ್ಡೆಗೂ ಇದೇ ಲೆಕ್ಕ, ಇದೇ ಮುಷ್ಟಿ. ಸಾರಿಗೆ ಆಲೂಗಡ್ಡೆ ಒಂದನ್ನೇ ಹಾಕುವ ಬದಲು ಹುರುಳಿಕಾಯಿ, ಸೊಪ್ಪು ಜಾಸ್ತಿ ಹಾಕಿ, ಆಲೂಗಡ್ಡೆ ಎರಡು ಹೋಳು ಅವರ ತಟ್ಟೆಗೆ ಬರಲಿ. ಮೂರು ತಿಂಗಳಿಂದ ತಮ್ಮದೇ ಹೊಲದ ಬೆಳೆ ಬಾಯಿಗೆ ಹಾಕಿಲ್ಲ, ಪಾಪ. ಅನ್ನ ಕಡಿಮೆ ಮಾಡುವ ಮುಂಚೆ ಡಾಕ್ಟರಿಗೆ ಒಂದು ಮಾತು ಹೇಳಿ. ಕೆಲವು ಮಾತ್ರೆಗಳ ಜೊತೆ ಊಟ ತಗ್ಗಿದರೆ ಶುಗರ್ ತೀರಾ ಇಳಿದು ತಲೆ ಸುತ್ತಬಹುದು. ಮಾತ್ರೆಯನ್ನು ನೀವಾಗಿ ಬದಲಿಸಬೇಡಿ.

ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ನಿಮ್ಮ ಮೈದುನರ ಮಾತು, ನನ್ನ ಮಾತು ಎರಡನ್ನೂ ಬಿಟ್ಟು ನೀವೇ ನೋಡಿಬಿಡಿ. ಒಂದು ದಿನ ಮಧ್ಯಾಹ್ನ ಬೇಯಿಸಿದ ಆಲೂಗಡ್ಡೆ 150 ಗ್ರಾಂ ತೂಗಿ ಹಾಕಿ, ಅನ್ನ ಒಂದು ಸೌಟು ಕಡಿಮೆ, ಸಾರು, ಸೊಪ್ಪಿನ ಪಲ್ಯ, ಮಜ್ಜಿಗೆ. ಊಟ ಶುರು ಮಾಡುವ ಮುಂಚೆ ಒಂದು ಸಲ, ಶುರು ಮಾಡಿ ಎರಡು ಗಂಟೆಗೆ ಇನ್ನೊಂದು ಸಲ ಪರೀಕ್ಷೆ ಮಾಡಿ ಬರೆದಿಡಿ. ಎರಡು ದಿನ ಬಿಟ್ಟು ಅದೇ ಊಟ, ಆಲೂಗಡ್ಡೆ ಜಾಗಕ್ಕೆ ಬೇಯಿಸಿದ ಗೆಣಸು 150 ಗ್ರಾಂ. ನಾಲ್ಕೂ ಅಂಕಿಗಳನ್ನು, ಗೆಣಸು ಕೊಯ್ದಾಗ ಒಳಗೆ ಯಾವ ಬಣ್ಣ ಇತ್ತು ಅನ್ನುವುದನ್ನೂ ನನಗೆ ಬರೆದು ಕಳಿಸಿ.